ಗಾಯವಿಲ್ಲದ ಮುನ್ನೂರ ಅರವತ್ತೈದು ದಿನ

ಚಾರ್ಲ್ಸ್‌ಟನ್, ವೆಸ್ಟ್ ವರ್ಜೀನಿಯಾ
3 ಫೆಬ್ರವರಿ 2013

ಟ್ರೆಸ್ಸಾ ಅತ್ತೆ,

ಕ್ರಿಸ್‌ಮಸ್‌ಗೆ ಬರಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೇಕರಿಯಲ್ಲಿ ರಜೆ ಕೊಡಲಿಲ್ಲ ಎಂದು ಕಾರ್ಡಿನಲ್ಲಿ ಬರೆದಿದ್ದೆ. ಅದು ಅರ್ಧ ನಿಜ. ಕೋಲ್ಬಿಯ ಕುರ್ಚಿ ಖಾಲಿಯಿರುವ ಮೇಜಿನಲ್ಲಿ ಇನ್ನೊಂದು ಹಬ್ಬದ ಊಟ ನನ್ನಿಂದ ಆಗುತ್ತಿರಲಿಲ್ಲ. ಅಣ್ಣ ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು. ಊರಿನಲ್ಲಿ ಎಲ್ಲರೂ ಅವನ ಸಾವಿನ ಬಗ್ಗೆ ಮಳೆಯ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ: ಏನ್ ಮಾಡೋಕಾಗುತ್ತೆ, ಹಾಗಾಗೋಯ್ತು. ಹಾಗಾಗಲಿಲ್ಲ ಅತ್ತೆ. ಹಾಗೆ ಮಾಡಿದರು.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ಈ ಒಂದು ವರ್ಷದಲ್ಲಿ, ಮಾತ್ರೆಯ ಚಟಕ್ಕೆ ತಮ್ಮವರನ್ನು ಕಳೆದುಕೊಂಡ ಕುಟುಂಬಗಳ ಸಮಿತಿಯ ಕೋಣೆಯಲ್ಲಿ ಪೆಟ್ಟಿಗೆಗಟ್ಟಲೆ ಕರಪತ್ರ ಓದಿದ್ದೇನೆ. ನೋವಿನ ಮಾತ್ರೆಯ ಕಂಪನಿಗಳು ವೈದ್ಯರಿಗೆ ಏನು ಹೇಳಿಕೊಟ್ಟವು, ವೈದ್ಯರು ಕಣ್ಣು ಮುಚ್ಚಿ ಏನು ಬರೆದರು, ನಮ್ಮಂಥ ಊರುಗಳನ್ನೇ ಏಕೆ ಹುಡುಕಿಕೊಂಡು ಬಂದರು, ಎಲ್ಲವೂ ಈಗ ನನಗೆ ಅಂಗೈ ಗೆರೆಯ ಹಾಗೆ ಗೊತ್ತು. ಸಮಿತಿ ನಡೆಸುವ ಜೋನೆಲ್ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡವಳು. ಅವಳು ಅಳುವುದಿಲ್ಲ, ಪಟ್ಟಿ ಮಾಡುತ್ತಾಳೆ. ನಾನೂ ಹಾಗಾಗಬೇಕೆಂದಿದ್ದೇನೆ.

ನಮ್ಮ ಪಟ್ಟಿಯಲ್ಲಿ ಮುಂದಿನ ಹೆಸರು ನಿಮ್ಮ ಹೆದ್ದಾರಿಯ ಬದಿಯ ಡಾಕ್ಟರ್ ಪೆನ್‌ವೆಲ್‌ನ ನೋವಿನ ಕ್ಲಿನಿಕ್. ಕೋಲ್ಬಿಗೆ ಮಾತ್ರೆ ಬರೆದುಕೊಟ್ಟವನು ಅವನೇ. ಅದನ್ನು ಮುಚ್ಚಿಸಬೇಕೆಂದು ರಾಜ್ಯದ ವೈದ್ಯ ಮಂಡಳಿಗೆ ಮನವಿ ಕೊಡುತ್ತಿದ್ದೇವೆ. ನಿನ್ನ ಸಹಿ ಬೇಕು. ಹೆಂಗಸರನ್ನು ಗಣಿಯೊಳಗೆ ಬಿಡುವುದು ಅಪಶಕುನ ಎನ್ನುತ್ತಿದ್ದ ಕಾಲದಲ್ಲಿ ಒಳಗೆ ಹೋಗಿ, ಹದಿನೇಳು ವರ್ಷ ಸುರಂಗದ ಸೂರು ಕುಸಿಯದ ಹಾಗೆ ಬೋಲ್ಟ್ ಹೊಡೆದವಳು ನೀನು. ಬೆನ್ನ ಮೇಲೆ ಬಂಡೆ ಬಿದ್ದರೂ ಬಾಯಿ ಬಿಡದವಳು. ನಿನ್ನ ಹೆಸರು ಕಂಡರೆ ಊರು ಸಹಿ ಹಾಕುತ್ತದೆ. ನಿನಗೆ ಯೂನಿಯನ್ನಿನ ಹಳೆಯ ಡಾಕ್ಟರ್ ಇದ್ದಾರೆ, ಅವರು ಬೇರೆ ಥರದವರು, ಅವರ ತಂಟೆಗೆ ನಾವು ಹೋಗುವುದಿಲ್ಲ.

ನಮ್ಮ ಹೊಸ ಕರಪತ್ರವನ್ನೂ ಮನವಿಯ ಹಾಳೆಯನ್ನೂ ಇಟ್ಟಿದ್ದೇನೆ. ಬೇಗ ಕಳಿಸು.

ಡ್ರೀಮಾ


ಹಾರ್ಮನ್ ಫೋರ್ಕ್
17 ಫೆಬ್ರವರಿ 2013

ಡ್ರೀಮಾ,

ನಿನ್ನ ಕಾಗದವನ್ನು ಓಕಿ ಗುರುವಾರ ತಂದ. ಅಂಚೆ ಜೀಪಿನಿಂದಲೇ ಕೂಗಿದನಂತೆ, ನನಗೆಲ್ಲಿ ಕೇಳಬೇಕು. ಕೊನೆಗೆ ಮೆಟ್ಟಿಲು ಹತ್ತಿ ಬಂದು ಕಿವಿಗೇ ಬಾಯಿಟ್ಟು ಹೇಳಿದ, "ನಿನ್ನ ಹುಡುಗಿ ಲೈಬ್ರರೀನೇ ಕಳಿಸಿದ್ದಾಳೆ ಕಣೇ ಟ್ರೆಸ್ಸಾ. ಸ್ಟಾಂಪ್ ಮಾತ್ರ ಒಂದೇ ಹಚ್ಚಿದ್ದಾಳೆ. ಸರ್ಕಾರದ ಪರವಾಗಿ ನಾನೇ ಕ್ಷಮಿಸಿದ್ದೀನಿ."

ನಿನ್ನ ಕರಪತ್ರವನ್ನು ಎರಡು ಸಲ ಓದಿದೆ. ಅಕ್ಷರ ದೊಡ್ಡದಾಗಿ ಹಾಕಿದ್ದಾರೆ, ಅದು ಒಳ್ಳೆಯದು. ನಾಲ್ಕನೆಯ ಪುಟದಲ್ಲಿ "ಮನಸ್ಸು ಗಟ್ಟಿಯಿದ್ದರೆ ನೋವು ತಾನಾಗಿ ಸಣ್ಣದಾಗುತ್ತದೆ" ಎಂದಿದೆ. ಅದನ್ನು ಬರೆದವರಿಗೆ ಎಲ್ಲಿ ನೋಯುತ್ತದೆಯೋ ವಿಚಾರಿಸಿ ಬರೆ.

ಸಹಿ ಹಾಕಿಲ್ಲ. ಕೋಪ ಮಾಡಿಕೊಳ್ಳಬೇಡ. ಮನವಿಯ ಹಾಳೆ ಫ್ರಿಜ್ಜಿನ ಮೇಲಿದೆ, ಕೈ ನಡುಗದ ದಿನ ನೋಡೋಣ.

ಇಲ್ಲಿ ಮೂರು ದಿನ ಹಿಮ ಬಿದ್ದು ಈಗ ಎಲ್ಲ ಕೆಸರು. ನಾನು ಚೆನ್ನಾಗಿದ್ದೇನೆ. ಒಂದು ಹೊಸ ಕಟ್ಟಳೆ ಮಾಡಿಕೊಂಡಿದ್ದೇನೆ, ನಿನಗೆ ನಗು ಬರುತ್ತದೆ. ನನ್ನ ಗಣಿಯ ಹಿತ್ತಾಳೆ ಬಿಲ್ಲೆ ನೆನಪಿದೆಯಲ್ಲ, ಅರವತ್ತೊಂದನೆಯ ನಂಬರು, ಚಿಕ್ಕವಳಿದ್ದಾಗ ನೀನು ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು. ಒಳಗೆ ಹೋಗುವಾಗ ಅದನ್ನು ಹಲಗೆಗೆ ತೂಗುಹಾಕಿ, ಹೊರಗೆ ಬಂದಾಗ ತೆಗೆದುಕೊಳ್ಳುತ್ತಿದ್ದೆವು. ಪಾಳಿ ಮುಗಿದ ಮೇಲೂ ಯಾರದಾದರೂ ತೂಗುತ್ತಿದ್ದರೆ, ಅವರು ಬೆಟ್ಟದೊಳಗೇ ಇದ್ದಾರೆ ಎಂದರ್ಥ. ಈಗ ಲೆಕ್ಕ ತಿರುಗುಮುರುಗು. ಬೆಳಗ್ಗೆ ಎದ್ದೆನೆಂದರೆ ಜಗಲಿಯ ಕಂಬದ ಮೊಳೆಗೆ ಬಿಲ್ಲೆ ಹಾಕುತ್ತೇನೆ. ಹತ್ತು ಗಂಟೆಗೆ ಓಕಿ ಆ ದಾರಿಯಲ್ಲಿ ಬಂದು, ಬಿಲ್ಲೆ ನೋಡಿ, ಎದ್ದಿದ್ದಾಳೆ ಎಂದುಕೊಂಡು ಹಾರ್ನ್ ಹೊಡೆಯುತ್ತಾನೆ. ಕಿವುಡಿಗೆ ಹಾರ್ನ್. ಅವನ ಬುದ್ಧಿ ಅಷ್ಟು.

ಫೋನು ಕೇಳಿಸುವುದಿಲ್ಲವಾದ್ದರಿಂದ ಅದನ್ನು ತೆಗೆಸಿಬಿಟ್ಟೆ. ಹಾಗಾಗಿ ಕಾಗದವೇ ಬರೆ. ಕರಪತ್ರವಲ್ಲ, ಕಾಗದ. ಬೇಕರಿಯಲ್ಲಿ ಏನು ತಿನ್ನುತ್ತೀಯ, ಯಾರ ಜೊತೆ ನಗುತ್ತೀಯ, ಅಂಥದ್ದು.

ಅತ್ತೆ


ಚಾರ್ಲ್ಸ್‌ಟನ್
2 ಏಪ್ರಿಲ್ 2013

ಅತ್ತೆ,

ಗೆದ್ದೆವು. ಮಾರ್ಚ್ ಇಪ್ಪತ್ತೆಂಟಕ್ಕೆ ಪೆನ್‌ವೆಲ್‌ನ ಕ್ಲಿನಿಕ್ಕಿಗೆ ರಾಜ್ಯದವರು ಬೀಗ ಹಾಕಿದರು. ಅವನ ಪರವಾನಗಿ ಅಮಾನತಾಗಿದೆ. ನಿನ್ನ ಸಹಿ ಇಲ್ಲದೆಯೇ ಆಯಿತು, ಅದನ್ನು ಚುಚ್ಚಲು ಹೇಳುತ್ತಿಲ್ಲ, ಅಥವಾ ಸ್ವಲ್ಪ ಚುಚ್ಚಲೆಂದೇ ಹೇಳುತ್ತಿದ್ದೇನೆ.

ಹೇಗೆ ಗೆದ್ದೆವು ಗೊತ್ತೇ? ನಾನು ಮಾರ್ಚ್ ಮೊದಲ ವಾರ ಆ ಕ್ಲಿನಿಕ್ಕಿನ ಎದುರಿನ ಟೈರ್ ಅಂಗಡಿಯ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು ಆರು ದಿನ ಕೂತೆ. ಬಾಗಿಲು ತೆಗೆಯುವುದರಿಂದ ಮುಚ್ಚುವವರೆಗೆ ಯಾರು ಬಂದರು, ಎಷ್ಟು ನಿಮಿಷ ಒಳಗಿದ್ದರು ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ನಾಲ್ಕು ನಿಮಿಷ ಅತ್ತೆ. ಒಬ್ಬ ಮನುಷ್ಯನ ನೋವು ತಿಳಿಯಲು ಅವನಿಗೆ ನಾಲ್ಕು ನಿಮಿಷ ಸಾಕು. ಹೊರಗೆ ಬಂದವರು ಅಲ್ಲೇ ಕಾರಿನ ಕಿಟಕಿಯಿಂದ ಕಿಟಕಿಗೆ ಮಾತ್ರೆ ಮಾರಿದ್ದನ್ನು ಕಣ್ಣಾರೆ ಕಂಡೆ. ಅಂಥವರ ಬಗ್ಗೆ ನನಗೆ ಅಸಹ್ಯವೂ ಆಯಿತು, ಅಯ್ಯೋ ಎಂದೂ ಅನ್ನಿಸಿತು. ಮಂಗಳವಾರ ಮಳೆಯಲ್ಲಿ ಚರ್ಚಿನ ವ್ಯಾನಿನಿಂದ ಒಬ್ಬ ಹೆಂಗಸು ಇಳಿದಳು. ಮುಖ ಕಾಣದ ಹಾಗೆ ಅಂಗಿಯ ಟೋಪಿ ಎಳೆದುಕೊಂಡಿದ್ದಳು. ಮೆಟ್ಟಿಲನ್ನು ಕಾಲಿನಲ್ಲಿ ಹತ್ತಲಿಲ್ಲ, ಕೈಯೂರಿ ಪ್ರಾಣಿಯ ಹಾಗೆ ಹತ್ತಿದಳು. ಮಾತ್ರೆ ಮನುಷ್ಯರನ್ನು ಎಲ್ಲಿಗೆ ತರುತ್ತದೆ ಎನ್ನುವುದಕ್ಕೆ ಆ ಒಂದು ನೋಟ ಸಾಕು ಎಂದು ದೂರಿನಲ್ಲಿ ಬರೆದೆ. ಮಂಡಳಿಯವರು ಆ ಸಾಲನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರಂತೆ.

ಶನಿವಾರ ಶಾಸನಸಭೆಯ ಮೆಟ್ಟಿಲ ಮೇಲೆ ನಮ್ಮ ಮೆರವಣಿಗೆ. ಕೋಲ್ಬಿಯ ಗಣಿ ಜಾಕೆಟ್ ಹಾಕಿಕೊಂಡು ಹೋದೆ. ಎದೆಯ ಮೇಲೆ ಹಳದಿ ದಾರದಲ್ಲಿ ಹೊಲಿದಿದೆಯಲ್ಲ, "ಗಾಯವಿಲ್ಲದ 365 ದಿನ, ಎರಡನೆಯ ಪಾಳಿ". ಅದನ್ನೇ ತೋರಿಸಿ ಮಾತಾಡಿದೆ: ನೋಡಿ, ನನ್ನ ಅಣ್ಣ ವರ್ಷವಿಡೀ ಒಂದು ಗೀರು ಇಲ್ಲದೆ ದುಡಿದ ಗಟ್ಟಿಮುಟ್ಟು ಹುಡುಗ, ಇವನಿಗೆ ನೋವಿನ ಮಾತ್ರೆಯ ಅಗತ್ಯವೇ ಇರಲಿಲ್ಲ, ಒಬ್ಬ ವೈದ್ಯ ಇವನನ್ನು ರೋಗಿ ಮಾಡಿದ. ಮುಂದಿನ ಸಾಲಿನ ಗಂಡಸರು ಕಣ್ಣೊರೆಸಿಕೊಂಡರು.

ನಾಲ್ಕನೆಯ ಪುಟ ಯಾರು ಬರೆದದ್ದು ಎಂದು ಕೇಳಿದ್ದೆಯಲ್ಲ. ನಾನೇ. ನನಗೆ ಎಲ್ಲಿ ನೋಯುತ್ತದೆ ಎಂದು ನಿನಗೆ ಗೊತ್ತಿದೆ.

ಡ್ರೀಮಾ


ಹಾರ್ಮನ್ ಫೋರ್ಕ್
21 ಏಪ್ರಿಲ್ 2013

ಡ್ರೀಮಾ,

ಕಾಗದ ಬಂತು. ಗೆದ್ದಿದ್ದಕ್ಕೆ ಸಂತೋಷ ಎಂದು ಬರೆಯಬೇಕು. ಬರೆದೆ.

ಟೈರ್ ಅಂಗಡಿಯಿಂದ ನಮ್ಮ ಮನೆಗೆ ಆರು ಮೈಲಿ. ನೀನು ಆರು ದಿನ ಅಲ್ಲಿದ್ದೆ. ಆ ವಾರ ಪೂರ್ತಿ ಒಲೆಯ ಮೇಲೆ ಬೀನ್ಸ್ ಇತ್ತು.

ನನಗೆ ಸ್ವಲ್ಪ ಜ್ವರ, ನೆಗಡಿ. ಅದಕ್ಕೇ ಅಕ್ಷರ ಹೀಗಿದೆ. ಕಾಡು ಬೆಳ್ಳುಳ್ಳಿ ಬಂದಿದೆ, ಈ ವರ್ಷ ಕೀಳಲು ಹೋಗಲಿಲ್ಲ. ಓಕಿಯ ಹೆಂಡತಿ ಒಂದು ಹಿಡಿ ಕಳಿಸಿದಳು, ಹುರಿದರೆ ವಾಸನೆಗೇ ಹೊಟ್ಟೆ ತೊಳಸಿತು.

ಆ ಜಾಕೆಟ್ ಹಾಕಿಕೊಳ್ಳಬೇಡ. ಪೆಟ್ಟಿಗೆಯಲ್ಲಿಡು. ಯಾಕೆ ಎಂದು ಕೇಳಬೇಡ.

ಅತ್ತೆ


ಚಾರ್ಲ್ಸ್‌ಟನ್
10 ಮೇ 2013

ಅತ್ತೆ,

ಯಾಕೆ ಎಂದು ಕೇಳುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳದೆ ಇದ್ದದ್ದಕ್ಕೇ ಅಣ್ಣ ಮಣ್ಣಿನಲ್ಲಿದ್ದಾನೆ.

ನನಗೆ ಅರ್ಥವಾಗಿದೆ. ನಿನಗೆ ಅವನ ಬಗ್ಗೆ ನಾಚಿಕೆ. ಅವನ ಹೆಸರನ್ನು ಜೋರಾಗಿ ಹೇಳಿದರೆ ಚರ್ಚಿನಲ್ಲಿ ಜನ ತಿರುಗಿ ನೋಡುತ್ತಾರೆ ಎಂದು. ಅವನ ಶವಪೆಟ್ಟಿಗೆಯ ಹತ್ತಿರವೂ ನೀನು ಎಲ್ಲರಿಗೂ "ಹೃದಯದ ತೊಂದರೆ" ಎಂದೇ ಹೇಳಿದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಅವತ್ತೇ ನಾನು ಆ ಕಣಿವೆಗೆ ಮತ್ತೆ ಬಂದು ಇರುವುದಿಲ್ಲವೆಂದು ತೀರ್ಮಾನಿಸಿದ್ದು.

ಜೂನ್ ಹನ್ನೆರಡಕ್ಕೆ ಶಾಸನಸಭೆಯ ಸಮಿತಿಯ ಮುಂದೆ ವಿಚಾರಣೆ ಇದೆ. ವೈದ್ಯರು ಎಷ್ಟು ಮಾತ್ರೆ ಬರೆಯಬಹುದು ಎನ್ನುವುದಕ್ಕೆ ಹೊಸ ಕಾನೂನು ಬರುತ್ತದೆ. ಕುಟುಂಬಗಳ ಪರವಾಗಿ ನಾನು ಮಾತಾಡಬೇಕು, ಜಾಕೆಟ್ ಹಾಕಿಕೊಂಡೇ ಬರಬೇಕು ಎಂದು ಜೋನೆಲ್ ಹೇಳಿದ್ದಾಳೆ. ನನಗೆ ನಿನ್ನಿಂದ ಬೇಕಾಗಿರುವುದು ಒಂದೇ. ಕೋಲ್ಬಿ ಮೊದಲ ಮಾತ್ರೆಯನ್ನು ಯಾವಾಗ, ಯಾರಿಂದ ತೆಗೆದುಕೊಂಡ? ಆಗ ನಾನು ಚಾರ್ಲ್ಸ್‌ಟನ್ನಿನಲ್ಲಿ ಕೆಲಸ ಹುಡುಕುತ್ತಿದ್ದೆ, ಅವನು ನಿನ್ನ ಮನೆಯಲ್ಲೇ ಇದ್ದ. ತಾರೀಖು ಬೇಕು. ನಿನ್ನ ಕೈಬರಹದಲ್ಲಿ.

ನನ್ನ ಮೇಲೆ ಕೋಪವಿದ್ದರೆ ಇರಲಿ. ಮೌನವನ್ನು ಮಾತ್ರ ಇನ್ನು ಕಳಿಸಬೇಡ.

ಡ್ರೀಮಾ


ಹಾರ್ಮನ್ ಫೋರ್ಕ್ ಅಂಚೆ ಕಚೇರಿ
26 ಮೇ 2013

ಡ್ರೀಮಾಗೆ ಓಕಿ ಬರೆಯುವುದು.

ಮೂವತ್ತು ವರ್ಷ ಬೇರೆಯವರ ಕಾಗದ ಹಂಚಿದ್ದೇನೆ, ಬರೆದದ್ದು ಕಡಿಮೆ. ತಪ್ಪಿದ್ದರೆ ತಿದ್ದಿಕೋ.

ಮಂಗಳವಾರ ಕಂಬದ ಮೇಲೆ ಬಿಲ್ಲೆ ಇರಲಿಲ್ಲ. ಸ್ವಲ್ಪ ತಡವಾಗಿ ಎದ್ದಿರಬೇಕು ಎಂದು ಮುಂದೆ ಹೋದೆ. ಅದು ನನ್ನ ತಪ್ಪು. ಬುಧವಾರವೂ ಇರಲಿಲ್ಲ. ಹಿಂದಿನ ಬಾಗಿಲು ಒದ್ದು ಒಳಗೆ ಹೋದೆ. ನಿನ್ನ ಅತ್ತೆ ಅಡುಗೆಮನೆಯ ನೆಲದ ಮೇಲಿದ್ದಳು. ಉಸಿರಿತ್ತು. ಮೈಯೆಲ್ಲ ಬೆವರು, ನಡುಕ, ಬಟ್ಟೆ ಕೆಟ್ಟಿತ್ತು. ನನ್ನನ್ನು ನೋಡಿ ಮೊದಲು ಹೇಳಿದ್ದು, "ಬೂಟು ಬಿಚ್ಚಿ ಬಾರೋ ಕತ್ತೆ."

ಅವಳಿಗೆ ನೆಗಡಿ ಅಲ್ಲ. ಯೂನಿಯನ್ನಿನ ಡಾಕ್ಟರ್ ನಿವೃತ್ತಿಯಾಗಿ ಐದು ವರ್ಷವಾಯಿತು. ಅಲ್ಲಿಂದ ಇಲ್ಲಿಯವರೆಗೆ ಅವಳು ಪೆನ್‌ವೆಲ್ ಹತ್ತಿರವೇ ಹೋಗುತ್ತಿದ್ದಳು, ತಿಂಗಳಿಗೊಮ್ಮೆ, ಮಂಗಳವಾರ. ಬೀಗ ಬಿದ್ದ ಮೇಲೆ ಉಳಿದ ಮಾತ್ರೆಗಳನ್ನು ಅರ್ಧ, ಕಾಲು ಮಾಡಿ ಇಷ್ಟು ದಿನ ತಳ್ಳಿದ್ದಾಳೆ. ಆಮೇಲೆ ಏನೂ ಇಲ್ಲ. ವರ್ಷಗಟ್ಟಲೆ ನುಂಗಿದ ಮಾತ್ರೆ ಒಮ್ಮೆಲೇ ನಿಂತರೆ ಮೈ ಹೀಗಾಗುತ್ತದೆ. ಪಟ್ಟಣದ ಎರಡು ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಎರಡರ ಬಾಗಿಲಲ್ಲೂ ಒಂದೇ ಬೋರ್ಡು: ಪೆನ್‌ವೆಲ್ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ. ಬುಧವಾರ ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ, ಅಲ್ಲಿನ ಹುಡುಗ ಡಾಕ್ಟರ್ ಕಂಪ್ಯೂಟರ್ ನೋಡಿ ನನ್ನನ್ನು ಪಕ್ಕಕ್ಕೆ ಕರೆದ. "ಇವರು ಮಾತ್ರೆಗೋಸ್ಕರ ಬಂದಿದ್ದಾರೆ ಅಂತ ನಿಮಗೆ ಗೊತ್ತಾ ಸರ್?" ಎಂದ. ನಾನು "ಹೌದಪ್ಪ, ಆಸ್ಪತ್ರೆಗೆ ಜನ ಮಾತ್ರೆಗೋಸ್ಕರಾನೇ ಬರೋದು" ಎಂದೆ. ಜ್ವರದ ಮಾತ್ರೆ ಎರಡು ಕೊಟ್ಟು, ಒಂದು ಬಾಟಲಿ ಸಲೈನ್ ಹಾಕಿ ಮನೆಗೆ ಕಳಿಸಿದರು.

ನಿನಗೆ ಬರೆಯಬಾರದು ಎಂದು ಆಣೆ ಹಾಕಿಸಿದ್ದಾಳೆ. "ಹುಡುಗಿ ಜೀವನದಲ್ಲಿ ಮೊದಲ್ನೇ ಸಲ ಏನೋ ಗೆದ್ದಿದ್ದಾಳೆ, ಅದನ್ನ ಕಿತ್ಕೋಬೇಡ" ಎಂದಳು. ಅಂಚೆಯವನ ಆಣೆಗೆ ಬೆಲೆ ಇಲ್ಲ. ನನ್ನ ಹೆಂಡತಿ ಹಗಲು ಅಲ್ಲಿರುತ್ತಾಳೆ.

ಓಕಿ


ಹಾರ್ಮನ್ ಫೋರ್ಕ್
2 ಜೂನ್ 2013

ಡ್ರೀಮಾ,

ಓಕಿ ಬರೆದಿದ್ದಾನೆಂದು ಅವನ ಮುಖ ನೋಡಿಯೇ ಗೊತ್ತಾಯಿತು. ನೀನು ಬರುತ್ತೇನೆಂದು ಅಂಚೆ ಕಚೇರಿಗೆ ಫೋನ್ ಮಾಡಿದೆಯಂತೆ. ಈಗ ಬರಬೇಡ. ಮೊದಲು ಇದನ್ನು ಓದು. ಓದಿದ ಮೇಲೂ ಬರಬೇಕೆನ್ನಿಸಿದರೆ ಬಾ. ಇದನ್ನು ಬರೆಯಲು ನಾಲ್ಕು ದಿನ ಹಿಡಿದಿದೆ, ಒಂದು ಸಲಕ್ಕೆ ಹತ್ತು ನಿಮಿಷ ಕೂರುತ್ತೇನೆ.

ನೀನು ತಾರೀಖು ಕೇಳಿದೆ. ಬರೆದುಕೋ. 2009, ಅಕ್ಟೋಬರ್ ಹದಿನಾಲ್ಕು, ಬುಧವಾರ. ಮೊದಲ ಮಾತ್ರೆ ಕೊಟ್ಟವಳು ನಾನು.

ಗಣಿಯ ಬಾಗಿಲಲ್ಲಿ ದೊಡ್ಡ ಬೋರ್ಡು ಇರುತ್ತದೆ, ನೀನು ನೋಡಿದ್ದೀಯ. ಯಾರಿಗೂ ಗಾಯವಾಗದೆ ಕಳೆದ ದಿನಗಳ ಸಂಖ್ಯೆ. ಒಬ್ಬ ಗಾಯ ಎಂದು ಬರೆಸಿದರೂ ಅದು ಸೊನ್ನೆಗೆ ಬರುತ್ತದೆ. ಮುನ್ನೂರ ಅರವತ್ತೈದು ತುಂಬಿದರೆ ಇಡೀ ಪಾಳಿಗೆ ಜಾಕೆಟ್, ಕ್ರಿಸ್‌ಮಸ್‌ಗೆ ಒಂದೊಂದು ಹಂದಿಮಾಂಸದ ತೊಡೆ, ಮ್ಯಾನೇಜರ್ ಜೊತೆ ಫೋಟೋ. ಅವತ್ತು ಮುನ್ನೂರ ಇಪ್ಪತ್ತನಾಲ್ಕನೆಯ ದಿನ. ಗೋಡೆಯಿಂದ ಕಲ್ಲಿದ್ದಲ ಚಪ್ಪಡಿ ಕಳಚಿ ಕೋಲ್ಬಿಯ ಸೊಂಟಕ್ಕೆ ಬಿತ್ತು. ಅವನ ಜೊತೆಯವರೇ ಎತ್ತಿ ಕೂರಿಸಿದರು. ಎತ್ತಿದವರೇ ಹೇಳಿದರು, "ನಲವತ್ತೊಂದು ದಿನ ಅಷ್ಟೇ ಕಣೋ ಕೋಲ್ಬಿ. ಹಲ್ಲು ಕಚ್ಕೋ." ಕಂಪನಿ ಒಂದು ಮಾತನ್ನೂ ಆಡಬೇಕಾಗಲಿಲ್ಲ. ಬೋರ್ಡು ಮಾತ್ರ ನೇತುಹಾಕಿತ್ತು.

ಮನೆಗೆ ಬಂದಾಗ ಟ್ರಕ್ಕಿನಿಂದ ಇಳಿಯಲು ಆಗಲಿಲ್ಲ ಅವನಿಗೆ. ನಾನು ಏನು ಮಾಡಬೇಕಿತ್ತು? ಕಿವಿ ಹಿಂಡಿ ಗಾಯ ಬರೆಸಲು ಕಳಿಸಬೇಕಿತ್ತು. ಬೇರೆ ಊರಿನ ಯಾವ ಅತ್ತೆಯಾದರೂ ಅದನ್ನೇ ಮಾಡುತ್ತಿದ್ದಳು. ನಾನು ಮಾಡಲಿಲ್ಲ, ಯಾಕೆಂದರೆ ನಾನೂ ಅಲ್ಲೇ ದುಡಿದವಳು. ಒಳಗೆ ಹೋದ ಮೊದಲ ವರ್ಷ ಬೆರಳು ಮುರಿದಾಗ ಕೈಗವಸಿನಲ್ಲಿ ಮುಚ್ಚಿಟ್ಟುಕೊಂಡು ಹನ್ನೊಂದು ವಾರ ಬೋಲ್ಟ್ ಹೊಡೆದಿದ್ದೆ. ಹೆಂಗಸಿನಿಂದ ಬೋರ್ಡು ಸೊನ್ನೆಯಾಯಿತು ಎನ್ನಿಸಿಕೊಳ್ಳಬಾರದು ಎಂದು. ಅದನ್ನು ಜೀವಮಾನವಿಡೀ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ, ನಿಮ್ಮಿಬ್ಬರಿಗೂ ಊಟದ ಮೇಜಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಅವನು ಕೇಳಿಸಿಕೊಂಡು ಬೆಳೆದಿದ್ದ. ಅವತ್ತು ಟ್ರಕ್ಕಿನಲ್ಲಿ ಹಲ್ಲು ಕಚ್ಚಿಕೊಂಡು ಕೂತವನನ್ನು ನೋಡಿ ನನಗೆ ಅಳು ಬರಲಿಲ್ಲ ಡ್ರೀಮಾ. ನನ್ನ ಹಾಗೇ ಗಟ್ಟಿ ಎಂದು ಅನ್ನಿಸಿತು. ಒಳಗೆ ಹೋಗಿ ನನ್ನ ಬಾಟಲಿ ತಂದೆ.

ದಿನಕ್ಕೆ ಎರಡು. ನಲವತ್ತೊಂದು ದಿನ. ನನ್ನದನ್ನು ಅರ್ಧ ಮಾಡಿಕೊಂಡು ಅವನಿಗೆ ಕೊಟ್ಟೆ. ಜಾಕೆಟ್ ಬಂದ ದಿನ ಹಾಕಿಕೊಂಡು ಇದೇ ಅಡುಗೆಮನೆಯಲ್ಲಿ ಸುತ್ತು ತಿರುಗಿ ತೋರಿಸಿದ. ಸಾಕು, ಇನ್ನು ಬೇಡ ಎಂದೆ. ಅವನೂ ಸಾಕು ಎಂದ. ಮೂರನೆಯ ದಿನ ಬಾಟಲಿಯಲ್ಲಿ ನಾಲ್ಕು ಕಡಿಮೆಯಿತ್ತು. ನಾನು ಬಾಟಲಿ ಅಡಗಿಸಿದೆ. ಅವನು ಪೆನ್‌ವೆಲ್‌ನನ್ನು ಹುಡುಕಿಕೊಂಡ.

ಪೆನ್‌ವೆಲ್ ಕೆಟ್ಟವನೇ. ನೀನು ಸುಳ್ಳು ಹೇಳಿಲ್ಲ. ಐದು ವರ್ಷದಲ್ಲಿ ಒಂದು ಸಲವೂ ಅವನು ನನ್ನ ಬೆನ್ನು ಮುಟ್ಟಿ ನೋಡಿಲ್ಲ. ಆದರೆ ಅವನು ಬರೆದುಕೊಟ್ಟ ಮಾತ್ರೆಯಿಂದ ನಾನು ನನ್ನ ಕೂದಲು ನಾನೇ ಬಾಚಿಕೊಳ್ಳುತ್ತಿದ್ದೆ. ಎರಡೂ ನಿಜ. ಎರಡೂ ನಿಜ ಎನ್ನುವುದನ್ನು ನಿನ್ನ ಕರಪತ್ರದಲ್ಲಿ ಎಲ್ಲಿ ಹಾಕುತ್ತೀಯೋ ನನಗೆ ಗೊತ್ತಿಲ್ಲ.

ಇನ್ನೊಂದು. ಮಂಗಳವಾರ ಮಳೆಯಲ್ಲಿ ಕೈಯೂರಿ ಮೆಟ್ಟಿಲು ಹತ್ತಿದ ಹೆಂಗಸು ನಾನು. ವ್ಯಾನಿನಿಂದ ಇಳಿಯುವಾಗಲೇ ನಿನ್ನ ಕಾರು ಕಂಡೆ, ಮುಂದಿನ ಒಡೆದ ದೀಪಕ್ಕೆ ಕೋಲ್ಬಿ ಹಚ್ಚಿದ್ದ ಕೆಂಪು ಟೇಪು ಇನ್ನೂ ಇತ್ತು. ನೀನು ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದೀಯ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ನೀನು ತಲೆ ತಗ್ಗಿಸಿ ಬರೆಯುವುದು ಕಂಡಿತು. ಟೋಪಿ ಎಳೆದುಕೊಂಡೆ.

ಅತ್ತೆ


ಚಾರ್ಲ್ಸ್‌ಟನ್
16 ಜೂನ್ 2013

ಅತ್ತೆ,

ಮೂರು ದಿನ ನಿನ್ನನ್ನು ದ್ವೇಷಿಸಿದೆ. ಸುಳ್ಳು ಹೇಳಬಾರದು ಎಂದು ಬರೆಯುತ್ತಿದ್ದೇನೆ. ನಾಲ್ಕನೆಯ ದಿನ ನೋಟ್‌ಬುಕ್ ತೆಗೆದು ಆ ಮಂಗಳವಾರದ ಪುಟ ನೋಡಿದೆ. "ಹೆಂಗಸು, ವಯಸ್ಸು ತಿಳಿಯದು, 11.20ಕ್ಕೆ ಒಳಗೆ, 11.26ಕ್ಕೆ ಹೊರಗೆ." ನನ್ನನ್ನು ಬೆಳೆಸಿದವಳ ವಯಸ್ಸು ನನಗೆ ತಿಳಿಯಲಿಲ್ಲ. ಅಮ್ಮ ಬಿಟ್ಟುಹೋದ ಮೇಲೆ ನನ್ನ ಜಡೆ ಹಾಕಿದ ಕೈಗಳು ಮೆಟ್ಟಿಲ ಮೇಲೆ ಊರಿದ್ದವು, ನಾನು ಸಮಯ ಬರೆದುಕೊಂಡೆ. ಇದಕ್ಕೆ ಕ್ಷಮೆ ಎನ್ನುವ ಪದ ಸಾಲುವುದಿಲ್ಲ, ಹಾಗಾಗಿ ಬರೆಯುತ್ತಿಲ್ಲ.

ವಿಚಾರಣೆಗೆ ಹೋದೆ. ಜಾಕೆಟ್ ಹಾಕಿಕೊಂಡೇ ಹೋದೆ. ನನಗೆ ಕೊಟ್ಟದ್ದು ಮೂರು ನಿಮಿಷ. ಎದೆಯ ಮೇಲಿನ ಅಕ್ಷರ ತೋರಿಸಿ ಹೇಳಿದೆ: ಇದು ಸುಳ್ಳು. ಮುನ್ನೂರ ಇಪ್ಪತ್ತನಾಲ್ಕನೆಯ ದಿನ ನನ್ನ ಅಣ್ಣನ ಸೊಂಟಕ್ಕೆ ಪೆಟ್ಟು ಬಿತ್ತು, ಅದನ್ನು ಬರೆಸದಿರಲು ಈ ಬಟ್ಟೆ ಕೊಟ್ಟರು. ವೈದ್ಯರಿಗೆ ಕಡಿವಾಣ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಕ್ಲಿನಿಕ್ಕಿಗೆ ಬೀಗ ಹಾಕಿದ ಮರುದಿನ ಅಲ್ಲಿನ ರೋಗಿಗಳು ಯಾರ ಬಾಗಿಲಿಗೆ ಹೋಗಬೇಕು ಎಂದು ಯಾಕೆ ಯಾರೂ ಬರೆದಿಲ್ಲ? ಅದನ್ನು ಕೇಳದೆ ಬೀಗ ಹಾಕಿಸಿದವಳು ನಾನು. ನಿನ್ನ ಹೆಸರು ಹೇಳಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ, "ಧನ್ಯವಾದ ಅಮ್ಮಾ, ನಿಮ್ಮ ಸಮಯ ಮುಗೀತು" ಎಂದರು.

ಹೊರಗೆ ಮೆಟ್ಟಿಲ ಮೇಲೆ ಜೋನೆಲ್ ತಡೆದಳು. "ಇದನ್ನ ಹೇಳೋಕೆ ನಿನ್ನ ಕಳಿಸಿರಲಿಲ್ಲ" ಎಂದಳು. "ನಿಜ ಹೇಳಿದೆ" ಎಂದೆ. "ನಿಜ ಎಲ್ಲರ ಹತ್ರಾನೂ ಇದೆ ಡ್ರೀಮಾ. ನನ್ನ ಹುಡುಗರಿಗೆ ಕಾನೂನು ಬೇಕಿತ್ತು." ಅವಳು ಬೈಯಲಿಲ್ಲ, ಕೂಗಲಿಲ್ಲ. ಸಮಿತಿಯ ಕೋಣೆಯ ಬೀಗದ ಕೈ ವಾಪಸು ಕೇಳಿದಳು. ಕೊಟ್ಟೆ. ನನಗೆ ಈ ಊರಿನಲ್ಲಿ ಇದ್ದದ್ದು ಆ ಕೋಣೆ ಒಂದೇ.

ಈಗ ಮುಖ್ಯ ವಿಷಯ. ಹನ್ನೊಂದು ವೈದ್ಯರಿಗೆ ಫೋನ್ ಮಾಡಿದೆ. ಹತ್ತು ಜನ ಪೆನ್‌ವೆಲ್ ಹೆಸರು ಕೇಳಿ ಇಟ್ಟರು. ನೂರು ಮೈಲಿ ದೂರದಲ್ಲಿ ಒಬ್ಬರು ವಯಸ್ಸಾದ ವೈದ್ಯೆ ಇದ್ದಾರೆ, ಪೂರ್ತಿ ಕೇಳಿಸಿಕೊಂಡರು, ಬೆನ್ನಿನ ಚಿತ್ರ ತೆಗೆದು, ನಿಧಾನವಾಗಿ, ಸರಿಯಾದ ಪ್ರಮಾಣದಲ್ಲಿ ಮಾತ್ರೆ ಕೊಡುತ್ತಾರಂತೆ. ಅವರ ಅರ್ಜಿ ಇಟ್ಟಿದ್ದೇನೆ. ಒಂಬತ್ತನೆಯ ಪ್ರಶ್ನೆ ನೋಡು: ನಿಮಗೆ ಕೊಟ್ಟ ಮಾತ್ರೆಯನ್ನು ಯಾವಾಗಲಾದರೂ ಬೇರೆಯವರಿಗೆ ಕೊಟ್ಟಿದ್ದೀರಾ? ಹೌದು ಎಂದರೆ ತೆಗೆದುಕೊಳ್ಳುವುದಿಲ್ಲ, ಅದು ಅವರ ಮೇಲಿನವರ ನಿಯಮ, ಅವರ ಕೈಯಲ್ಲಿಲ್ಲ. ವಿಚಾರಿಸಿದ್ದೇನೆ.

ಇಲ್ಲ ಎಂದು ಬರೆ ಅತ್ತೆ. ಈ ಮಾತನ್ನು ನಾನು ಬರೆಯುತ್ತಿದ್ದೇನೆ ಎಂದು ನನಗೇ ನಂಬಿಕೆಯಿಲ್ಲ. ಮನಸ್ಸು ಗಟ್ಟಿಯಿದ್ದರೆ ಎಂದು ಬರೆದ ಇದೇ ಕೈ. ಇಲ್ಲ ಎಂಬ ಚೌಕದಲ್ಲಿ ಒಂದು ಗೆರೆ ಎಳೆ, ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ಅರ್ಜಿ ಒಪ್ಪಿದ ದಿನ ಬಂದು ನಾನೇ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ.

ಡ್ರೀಮಾ


ಹಾರ್ಮನ್ ಫೋರ್ಕ್
7 ಜುಲೈ 2013

ಡ್ರೀಮಾ,

ಅರ್ಜಿ ತುಂಬಿ ಮರುದಿನವೇ ಕಳಿಸಿದೆ. ಒಂಬತ್ತನೆಯ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದೆ. ಪಕ್ಕದಲ್ಲಿ ಜಾಗ ಕಡಿಮೆಯಿತ್ತು, ಸಣ್ಣದಾಗಿ ಬರೆದೆ: ಒಬ್ಬ ಹುಡುಗನಿಗೆ, ನಲವತ್ತೊಂದು ದಿನ, ನಾನೇ ಬೆಳೆಸಿದವನು.

ನಿನ್ನೆ ಉತ್ತರ ಬಂತು. ಓಕಿ ಅದನ್ನು ಕೊಡಲು ಮನಸ್ಸಿಲ್ಲದೆ ಜಗಲಿಯಲ್ಲೇ ನಿಂತಿದ್ದ. "ತೆಳ್ಳಗಿದೆ ಕಣೇ. ಒಳ್ಳೆ ಸುದ್ದಿ ಇಷ್ಟು ತೆಳ್ಳಗೆ ಬರಲ್ಲ" ಎಂದ. ಅವನು ಹೇಳಿದ್ದು ಸರಿ. ತೆಗೆದುಕೊಳ್ಳಲಾಗುವುದಿಲ್ಲವಂತೆ. ಅಚ್ಚಿನ ಸಾಲಿನ ಕೆಳಗೆ ಆ ವೈದ್ಯೆ ಕೈಯಲ್ಲಿ "ಕ್ಷಮಿಸಿ" ಎಂದು ಬರೆದಿದ್ದಾಳೆ. ಒಳ್ಳೆಯವಳಿರಬೇಕು.

ನೀನು ಬೈಯುತ್ತೀಯ. ಬೈ. ಈ ಮುದುಕಿಗೆ ಹಠ ಎಂದುಕೋ. ಹಠವಲ್ಲ. ಬೋರ್ಡಿನಲ್ಲಿ ಸುಳ್ಳು ಸಂಖ್ಯೆ ಉಳಿಸಲು ಒಂದು ಸಲ ಮಾತ್ರೆ ಕೊಟ್ಟೆ. ಶವಪೆಟ್ಟಿಗೆಯ ಪಕ್ಕ ನಿಂತು ಹೃದಯ ಎಂದೆ. ಇನ್ನೊಂದು ಸಲ ಇಲ್ಲ ಎಂದು ಬರೆದರೆ, ಆ ನಲವತ್ತೊಂದು ದಿನ ಅವನು ಪಟ್ಟದ್ದು ಎಲ್ಲಿಯೂ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಈಗ ಒಂದು ಕಡೆ ಇದೆ. ಯಾವುದೋ ಕಪಾಟಿನಲ್ಲಿ.

ನೋವು ಹೇಗಿದೆ ಎಂದು ಕೇಳಿದರೆ, ಇದೆ. ನಡುಕ ಹೋಗಿದೆ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತದೆ. ಬೆನ್ನು ಮಾತ್ರ ಬಂಡೆ ಬಿದ್ದ ದಿನದ ಹಾಗೇ ಇದೆ. ಧೈರ್ಯದಿಂದ ಅದು ಸಣ್ಣದಾಗುವುದಿಲ್ಲ, ನಾನು ಪ್ರಯತ್ನಿಸಿ ನೋಡಿದೆ, ನಿನ್ನ ನಾಲ್ಕನೆಯ ಪುಟ ತಿದ್ದು. ಇನ್ನೂ ವೈದ್ಯರಿದ್ದರೆ ಹುಡುಕು, ನಾನು ಬೇಡವೆನ್ನುವುದಿಲ್ಲ. ಅರ್ಜಿಯಲ್ಲಿ ಮಾತ್ರ ಇದ್ದದ್ದನ್ನೇ ಬರೆಯುತ್ತೇನೆ.

ಅರ್ಜಿ ಒಪ್ಪಿದ ದಿನ ಬರುತ್ತೇನೆ ಎಂದಿದ್ದೆಯಲ್ಲ. ಅವರು ಒಪ್ಪಲಿಲ್ಲ. ನೀನು ಬಾ. ಕೋಲ್ಬಿಯ ಕುರ್ಚಿಯನ್ನು ಮೇಜಿನಿಂದ ತೆಗೆಸಿ ಜಗಲಿಗೆ ಹಾಕಿಸಿದ್ದೇನೆ, ಬೆಳಗ್ಗೆ ಅದರಲ್ಲಿ ಕೂರುತ್ತೇನೆ.

ಕೈ ಮೇಲೆತ್ತಲು ಆಗುವುದಿಲ್ಲವೆಂದು ಓಕಿ ಕಂಬದ ಮೊಳೆಯನ್ನು ಸೊಂಟದ ಎತ್ತರಕ್ಕೆ ಇಳಿಸಿ ಹೊಡೆದುಕೊಟ್ಟ. ಆದರೂ ಹಾಸಿಗೆಯಿಂದ ಅಲ್ಲಿಯವರೆಗೆ ಹೋಗಬೇಕಲ್ಲ. ಇವತ್ತು ಏಳು ಗಂಟೆಗೆ ಕಾಲು ಕೆಳಗಿಟ್ಟೆ. ಅಡುಗೆಮನೆಯ ಬಾಗಿಲಿಗೆ ಬರುವಾಗ ಎಂಟೂಕಾಲು. ಅಲ್ಲಿ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತೆ. ಇವತ್ತು ಭಾನುವಾರ, ಅಂಚೆಯಿಲ್ಲ, ಓಕಿ ಬರುವುದಿಲ್ಲ ಎಂದು ನೆನಪಾದದ್ದು ಆಗ.

ಹತ್ತಕ್ಕೆ ಐದು ನಿಮಿಷವಿರುವಾಗ ಬಿಲ್ಲೆ ತೂಗುಹಾಕಿದೆ.

ಅತ್ತೆ